ಬಲಿಪೂಜೆಯೂ ನಮ್ಮ ಹಾಸ್ಟೆಲ್ ಜಗಳವೂ

ಹಳೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕ್ಯಾಂಟೀನು, ಕ್ರಿಕೆಟ್ಟು, ಪರೀಕ್ಷೆ ಅಂತ ಬರೆಯುತ್ತಾರೆ. ನಾನು ಬಲಿಪೂಜೆಯ ಬಗ್ಗೆ, ಅಂದರೆ ಕ್ಯಾಥೊಲಿಕರು ರೊಟ್ಟಿ, ದ್ರಾಕ್ಷಾರಸ ಇಟ್ಟು ಮಾಡುವ ಆರಾಧನೆಯ ಬಗ್ಗೆ ಬರೆಯುತ್ತೇನೆ ಅಂದಾಗ ಸಂಪಾದಕರು ಹುಬ್ಬೇರಿಸಿದರು. ನಾನು ಕ್ರೈಸ್ತನೂ ಅಲ್ಲ. ಆದರೆ ನಮ್ಮ ರೂಮಿನಲ್ಲಿ ಜಾಸ್ತಿ ಜಗಳ ನಡೆದದ್ದು ಇದೇ ವಿಷಯಕ್ಕೆ.

ರೂಮಿನಲ್ಲಿ ಮೂವರು. ನಾನು ಮಂಡ್ಯ ಕಡೆಯ ರೈತರ ಮನೆಯವನು. ಒಬ್ಬ ಶ್ರೀರಂಗಪಟ್ಟಣದ ಗಂಜಾಮಿನ ಕ್ಯಾಥೊಲಿಕ್. ಇನ್ನೊಬ್ಬ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆಯವನು; ಅವನ ತಾತ ಮೆಥಡಿಸ್ಟರ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಭಾನುವಾರ ಒಬ್ಬ ಮೈಸೂರಿನ ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ, ಇನ್ನೊಬ್ಬ ವೆಸ್ಲಿ ಚರ್ಚಿಗೆ. ಏಸು ಒಬ್ಬನೇ ಅಲ್ವಾ, ಒಟ್ಟಿಗೇ ಯಾಕೆ ಹೋಗಲ್ಲ ಅಂತ ಸುಮ್ನೆ ಕೇಳಿದೆ. ಅಷ್ಟೇ, ಶುರುವಾಯಿತು.

ಜಗಳ ಕೊನೆಗೆ ನಮಗೆ ಇತಿಹಾಸ ಪಾಠ ಮಾಡುತ್ತಿದ್ದ ಫಾದರ್ ಹತ್ತಿರ ಹೋಯಿತು. ನಾನು ಚರ್ಚ್ ಅಂದರೆ ಗೋಪುರ ಅಂದುಕೊಂಡಿದ್ದೆ. ಅಶೋಕ ರಸ್ತೆಯ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು, ಗೋಪುರ 175 ಅಡಿ ಎತ್ತರ ಇರುವುದು, ಎಲ್ಲ ಬಾಯಿಪಾಠವಾಗಿತ್ತು. ಫಾದರ್ ಕೈಯಾಡಿಸಿದರು. "ಅದು ಕಟ್ಟಡ ಕಣಪ್ಪಾ. ಮೊದಲಿನ ಕ್ರೈಸ್ತರು ಯಾರದೋ ಮನೆಯಲ್ಲಿ ಸೇರಿ ರೊಟ್ಟಿ ಮುರಿಯುತ್ತಿದ್ದರು. ಧರ್ಮಸಭೆ, ಅಂದರೆ ಚರ್ಚ್ ಎಂಬ ಜನರ ಕೂಟ, ಹುಟ್ಟಿದ್ದು ಆ ಊಟದ ಮೇಜಿನಲ್ಲಿ."

ಆಮೇಲೆ ಗ್ರೀಸಿನ ಕೊರಿಂಥ ಊರಿನ ಕಥೆ ಹೇಳಿದರು. ಏಸುವಿನ ಸಂದೇಶ ಸಾರುತ್ತಿದ್ದ ಪೌಲ ಅಲ್ಲಿನ ಕ್ರೈಸ್ತರಿಗೆ ಪತ್ರ ಬರೆದದ್ದು ಕ್ರಿ.ಶ. 55ರ ಸುಮಾರಿಗೆ. ಅಲ್ಲಿ ಉಳ್ಳವರು ತಾವೇ ಮೊದಲು ಉಣ್ಣುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಕುಡಿದ ಮತ್ತು. ನೀವು ಮಾಡುತ್ತಿರುವುದು ಏಸು ಹೇಳಿಕೊಟ್ಟ ಕರ್ತನ ಭೋಜನವೇ ಅಲ್ಲ ಅಂತ ಪೌಲ ಖಡಾಖಂಡಿತವಾಗಿ ಬರೆದ. "ಪಂಕ್ತಿಭೇದ ಅನ್ನಿ ಫಾದರ್" ಅಂದೆ. ಜೋರಾಗಿ ನಕ್ಕರು. ಮುಂದಿನ ಬ್ಯಾಚಿಗೆ ಹಾಗೇ ಪಾಠ ಮಾಡಿದರಂತೆ!

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ: ರೊಟ್ಟಿ ಒಂದೇ, ಅದರಲ್ಲಿ ಪಾಲು ಪಡೆಯುವ ನಾವು ಅನೇಕರಾದರೂ ಒಂದೇ ಶರೀರ. ಕ್ಯಾಥೊಲಿಕರು ಇದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಪೂಜೆಯಲ್ಲಿ ಗುರುಗಳು ರೊಟ್ಟಿಯ ತುಣುಕು ಕೊಡುತ್ತಾ "ಕ್ರಿಸ್ತನ ಶರೀರ" ಅಂದಾಗ "ಆಮೆನ್" ಅನ್ನುವುದು ಬರೀ ಆ ತುಣುಕಿಗಲ್ಲ. ರೊಟ್ಟಿ, ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ಶರೀರ, ರಕ್ತವಾಗುತ್ತವೆ ಅನ್ನುವುದಕ್ಕೂ, ಬಿಷಪ್ಪರು, ಪೋಪರು ಸೇರಿದ ಇಡೀ ಸಭೆಗೂ ಹೂಂ ಅಂದ ಹಾಗೆ. ಹೂಂ ಅನ್ನದವರಿಗೆ ಪರಮಪ್ರಸಾದ, ಅಂದರೆ ಆ ರೊಟ್ಟಿ, ಇಲ್ಲ. ದೇವಸ್ಥಾನದಲ್ಲಿ ಕೈಚಾಚಿ ಅಭ್ಯಾಸವಾದ ನನಗೆ ಇದು ವಿಚಿತ್ರ ಅನಿಸಿತು.

ಪ್ರೊಟೆಸ್ಟೆಂಟರು ತಮ್ಮತಮ್ಮಲ್ಲೇ ಒಪ್ಪಿದ್ದರಾ? ಅದೂ ಇಲ್ಲ. 1529ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಪೋಪರನ್ನು ಬಿಟ್ಟು ಹೊರಬಂದ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಕೂತು ಮಾತಾಡಿದರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆ ಬಿತ್ತು. ಕಡೆಯದರಲ್ಲಿ ಮುರಿದುಬಿತ್ತು. ಆ ಕಡೆಯದು ಇದೇ ಭೋಜನದ ವಿಷಯ.

ಇಲ್ಲಿ ಸಿಎಸ್‌ಐ ಗೆಳೆಯ ಎದೆ ಉಬ್ಬಿಸುತ್ತಿದ್ದ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಲ್ಲರೂ ಸೇರಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದೇ ಸಭೆಯಾದರು. ಮಾತುಕತೆ ಶುರುವಾಗಿದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿ ಭೋಜನ ನಡೆಸಬಹುದಾ ಅನ್ನುವುದೇ ದೊಡ್ಡ ಗಂಟು. ಇದ್ದವರನ್ನು ಇದ್ದ ಹಾಗೇ ಒಪ್ಪಿಕೊಳ್ಳೋಣ, ಮುಂದೆ ಬರುವವರಿಗೆ ಬಿಷಪ್ಪರು ದೀಕ್ಷೆ ಕೊಡಲಿ ಅಂತ ತೀರ್ಮಾನಿಸಿದರು. ನನಗೆ ಇದು ನಮ್ಮೂರ ಹಿರಿಯರು ಮಾಡುವ ರಾಜಿಯಷ್ಟೇ ಜಾಣತನದ್ದು ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ.

ಗಂಜಾಮಿನವನ ಮದುವೆ ಪೂಜೆಯಲ್ಲಿ ಪರಮಪ್ರಸಾದದ ಸಾಲು ಮುಂದೆ ಹೋದಾಗ ಸಿಎಸ್‌ಐನವನು ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಉಳಿದ. "ನೀನೂ ನನ್ನ ಹಾಗೇ ಹೊರಗಿನವನಾದೆಯಲ್ಲೋ" ಅಂತ ರೇಗಿಸಿದೆ. ಅವನು ನಗಲಿಲ್ಲ.

ಫಾದರ್ ಕೂಡ ಅಲ್ಲಿಗೆ ಬಂದಿದ್ದರು. ಹೊರಗೆ ಬಂದ ಮೇಲೆ ಇಬ್ಬರೂ ಒಟ್ಟಿಗೇ ಯಾಕೆ ಪ್ರಸಾದ ತಗೊಳ್ಳಬಾರದು ಅಂತ ಹಳೇ ವಾದ ತೆಗೆದೆ. ಒಂದಾಗದೆ ಒಂದಾದಂತೆ ನಟಿಸುವುದು ಸುಳ್ಳು, ಈ ನೋವು ಇರಲೇಬೇಕು ಅಂದರು. ನಾನು ಒಪ್ಪಲಿಲ್ಲ. ಪೌಲ ಕೊರಿಂಥದವರನ್ನು ಬೈದದ್ದು ತತ್ವ ತಪ್ಪಿದ್ದಕ್ಕಲ್ಲ, ಪಕ್ಕದವನನ್ನು ಬಿಟ್ಟು ಉಂಡದ್ದಕ್ಕೆ ಅಂದೆ. ಫಾದರ್ ಬಿಡುವವರಾ! "ಅದೇ ಅಧ್ಯಾಯ ಮುಂದೆ ಓದು. ತನ್ನನ್ನು ತಾನು ಪರೀಕ್ಷೆ ಮಾಡಿಕೊಂಡೇ ತಿನ್ನಬೇಕು ಅಂತಲೂ ಬರೆದಿದ್ದಾನೆ" ಅಂದರು.