ಒಲೆ ಮೇಷ್ಟ್ರು, ಮಣ್ಣು ಮೇಷ್ಟ್ರು

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಮಣ್ಣು ಮೇಷ್ಟ್ರು ತೀರಿಕೊಂಡ ಮೇಲೆ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ಸರಳತೆ, ಶಿಸ್ತು, ಸಮಯಪಾಲನೆಯನ್ನು ಹೊಗಳಿದರು. ಅವರ ಇಟ್ಟಿಗೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಮೇಷ್ಟ್ರು ಅಲ್ಲಿದ್ದಿದ್ದರೆ ‘ಅದೆಲ್ಲ ಆಮೇಲೆ, ಸಾಂದ್ರತೆ ಎಷ್ಟು ಬಂತು ಹೇಳ್ರಯ್ಯಾ’ ಅಂತಿದ್ದರು. ಆದ್ದರಿಂದ ಈ ಸಂಚಿಕೆಗೆ ಇಟ್ಟಿಗೆಯ ವಿಷಯವನ್ನೇ ಬರೆಯುತ್ತೇನೆ. ಮೆಕ್ಯಾನಿಕಲ್ ವಿಭಾಗದ ಒಲೆ ಮೇಷ್ಟ್ರನ್ನು ಬಿಟ್ಟು ಅವರೊಬ್ಬರ ಬಗ್ಗೆ ಬರೆಯಲು ಆಗುವುದಿಲ್ಲ, ಹಾಗಾಗಿ ಒಲೆಯೂ ಬರುತ್ತದೆ. ಸಿಲಬಸ್ಸಿನಲ್ಲಿ ಏನೇನಿತ್ತೋ ನಮ್ಮ ಬ್ಯಾಚಿನಲ್ಲಿ ಯಾರಿಗೂ ನೆನಪಿಲ್ಲ. ಇವರಿಬ್ಬರೂ ಸಿಲಬಸ್ಸಿನ ಆಚೆ ಹೇಳಿಕೊಟ್ಟದ್ದು ಮಾತ್ರ ಉಳಿದಿದೆ.

ಅದು ಎಂಬತ್ತರ ದಶಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಗುಂಪಿನ ಹೆಸರು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓಡಾಡುತ್ತಿದ್ದ ಕಾಲ. ವಿದ್ಯುದ್ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ್ದ ಅಮೂಲ್ಯ ರೆಡ್ಡಿಯವರು, ಹಳ್ಳಿಯ ಒಲೆ, ಗೋಡೆ, ಕುಡಿಯುವ ನೀರು ಕೂಡ ಸಂಶೋಧನೆಯ ವಿಷಯಗಳೇ ಎಂದು ಹಟ ಹಿಡಿದು ಕಟ್ಟಿದ ಗುಂಪು ಅದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಉಳಿದ ಕಾಲೇಜುಗಳಿಗೆ ಆ ಗಾಳಿ ತಲುಪಿದ್ದು ಬಹುಪಾಲು ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ. ಕೊನೆಯ ವರ್ಷದವರ ಪ್ರಾಜೆಕ್ಟಿಗೆ ಮಂಡಳಿ ಹಣ ಕೊಡುತ್ತಿತ್ತು. ಬೇರೆ ಮೇಷ್ಟ್ರುಗಳಿಗೆ ಆ ಹಣ ಬೇಕಿತ್ತು, ನಮ್ಮ ಇಬ್ಬರಿಗೆ ಆ ಕೆಲಸ ಬೇಕಿತ್ತು.

ಮಣ್ಣು ಮೇಷ್ಟ್ರ ಪಾಠ ಬಾಯಿಂದ ಶುರುವಾಗುತ್ತಿತ್ತು. ಒಂದು ಚಿಟಿಕೆ ಮಣ್ಣನ್ನು ಹಲ್ಲುಗಳ ನಡುವೆ ಮೆಲ್ಲಗೆ ಉಜ್ಜಬೇಕು. ಕರಕರ ಎಂದರೆ ಮರಳು, ಸ್ವಲ್ಪ ಒರಟಾಗಿದ್ದರೂ ಹಲ್ಲಿಗೆ ಕಿರಿಕಿರಿ ಆಗದಿದ್ದರೆ ಸಿಲ್ಟ್ (ಹೂಳುಮಣ್ಣು), ನುಣ್ಣಗೆ ಅಂಟಿದರೆ ಜೇಡಿ. ಹುಡುಗಿಯರು ಮುಖ ಸಿಂಡರಿಸುತ್ತಿದ್ದರು, ಹುಡುಗರು ನುಂಗಿಬಿಡುತ್ತಿದ್ದರು. ಆಮೇಲೆ ಗಾಜಿನ ಬಾಟಲಿಯ ಪರೀಕ್ಷೆ. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಬೇಕು. ಮರಳು ನೋಡನೋಡುತ್ತಲೇ ತಳಕ್ಕೆ ಇಳಿಯುತ್ತದೆ, ಜೇಡಿ ಮರುದಿನದವರೆಗೂ ಕಾಯಿಸುತ್ತದೆ. ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಏಕೆಂದರೆ ನೀರಿನಲ್ಲಿ ಜೇಡಿ ಉಬ್ಬಿಕೊಂಡಿರುವುದರಿಂದ ಆ ಪದರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಇವತ್ತಿಗೂ ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು ಜೇಡಿ ಎಷ್ಟಿದೆ ಎಂದು ನಾನು ಹೇಳಿದರೆ ಲ್ಯಾಬಿನ ವರದಿ ಹೆಚ್ಚು ದೂರ ಹೋಗುವುದಿಲ್ಲ. ಇದನ್ನು ಹೇಳಿಕೊಳ್ಳುವ ಅವಕಾಶ ಬೇರೆಲ್ಲೂ ಸಿಗದ ಕಾರಣ ಇಲ್ಲಿ ಹೇಳುತ್ತಿದ್ದೇನೆ.

ಸಿಮೆಂಟು ಬೆರೆಸಿ ಒತ್ತುವ ಮಣ್ಣಿನ ಇಟ್ಟಿಗೆಗೆ ಜೇಡಿ ಶೇ 10ರಿಂದ 15, ಮರಳು ಶೇ 65ಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಜೇಡಿ ಇದರ ಎರಡು ಪಟ್ಟು ಇರುವುದುಂಟು. ಶೇ 30 ಜೇಡಿಯ ಮಣ್ಣಿಗೆ ಅಷ್ಟೇ ತೂಕದ ಮರಳೋ ಕಲ್ಲುಪುಡಿಯೋ ಸೇರಿಸಿದರೆ ಶೇ 15ಕ್ಕೆ ಇಳಿಯುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಜೇಡಿ ಅಂಟುತ್ತದಲ್ಲ, ಇಟ್ಟಿಗೆ ಗಟ್ಟಿಯಾಗುತ್ತದೆ ಎಂದುಕೊಳ್ಳುತ್ತಾರೆ. ಒಣಗಿದಾಗ ಗಟ್ಟಿ ನಿಜ. ನೆನೆದಾಗ ಅದೇ ಜೇಡಿ ಉಬ್ಬಿ ಸಿಮೆಂಟಿನ ಹಿಡಿತವನ್ನು ಬಿಡಿಸುತ್ತದೆ. ಎರೆಮಣ್ಣಿನಲ್ಲಂತೂ ಬರೀ ಸಿಮೆಂಟಿನಿಂದ ಕೆಲಸವಾಗುವುದಿಲ್ಲ, ಸುಣ್ಣ ಬೇಕೇ ಬೇಕು.

ತೇವದ ಪರೀಕ್ಷೆಯನ್ನು ಮೇಷ್ಟ್ರು ಕಾರಿಡಾರಿನಲ್ಲಿ ಮಾಡುತ್ತಿದ್ದರು, ಗುಡಿಸುವಾಕೆ ಬಯ್ಯುತ್ತಿದ್ದರೂ ಬಿಡದೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ನೆಲಕ್ಕೆ ಬಿಡುವುದು. ನಾಲ್ಕೈದು ಹೋಳಾದರೆ ಸರಿ, ಪುಡಿಪುಡಿಯಾದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾಗಿ ಕೂತರೆ ನೀರು ಹೆಚ್ಚಾಗಿದೆ. ಸರಿಯಾದ ತೇವ ಸಾಮಾನ್ಯವಾಗಿ ಶೇ 10ರ ಆಸುಪಾಸು ಬೀಳುತ್ತದೆ.

ಅಸ್ತ್ರದವರ ಕೈಒತ್ತು ಯಂತ್ರದಂಥದ್ದೊಂದು ನಮ್ಮ ವಿಭಾಗದಲ್ಲೂ ಇತ್ತು. ಮಣ್ಣು ತುಂಬಿ ಮುಚ್ಚಳ ಹಾಕಿ ಇಬ್ಬರು ಸೇರಿ ಸನ್ನೆಕೋಲು ಎಳೆದರೆ ಇಟ್ಟಿಗೆ ಏಳುತ್ತದೆ. ಈ ಯಂತ್ರದ ಗುಟ್ಟೆಲ್ಲ ಒಂದೇ ಮಾತಿನಲ್ಲಿದೆ: ಕೋಲು ಎಳೆಯುವ ದೂರ ಬದಲಾಗುವುದಿಲ್ಲ, ಇಟ್ಟಿಗೆಯ ಗಾತ್ರವೂ ಬದಲಾಗುವುದಿಲ್ಲ, ಆದ್ದರಿಂದ ಸಾಂದ್ರತೆಯನ್ನು ನಿರ್ಧರಿಸುವುದು ಒಳಗೆ ಹಾಕಿದ ಮಣ್ಣಿನ ತೂಕ ಮಾತ್ರ. 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆಯ ಗಾತ್ರ 4,370 ಘನ ಸೆಂಟಿಮೀಟರ್. ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.8 ಗ್ರಾಂ ಬರಬೇಕಾದರೆ ಒಣತೂಕ 7.87 ಕಿಲೋ, ಶೇ 10 ತೇವ ಸೇರಿ 8.65 ಕಿಲೋ. ಪ್ರತಿ ಇಟ್ಟಿಗೆಗೂ ಇಷ್ಟನ್ನು ತಕ್ಕಡಿಯಲ್ಲಿ ತೂಗಿಯೇ ಸುರಿಯಬೇಕು. ತೂಗದೆ ಬೊಗಸೆಯಲ್ಲಿ ತುಂಬಲು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮಣ್ಣು ಕಡಿಮೆಯಾಗುತ್ತಾ ಬರುತ್ತದೆ. ಕೆಲಸಗಾರರು ಸೋಮಾರಿಗಳು ಅಂತಲ್ಲ. ಮಣ್ಣು ಕಡಿಮೆಯಿದ್ದರೆ ಕೋಲು ಸುಲಭವಾಗಿ ಇಳಿಯುತ್ತದೆ, ದಣಿದ ತೋಳು ತನ್ನಷ್ಟಕ್ಕೇ ಅದನ್ನು ಕಂಡುಕೊಳ್ಳುತ್ತದೆ. ಇಟ್ಟಿಗೆ ನೋಡಲು ಒಂದೇ ತರಹ ಇರುತ್ತದೆ, ಶಕ್ತಿ ಮಾತ್ರ ಕುಸಿದಿರುತ್ತದೆ. ಮೇಷ್ಟ್ರು ಯಾವಾಗಲೂ ಕೇಳುತ್ತಿದ್ದ ‘ತೂಗಿದ್ದೀರೇನ್ರಯ್ಯಾ?’ ಎಂಬ ಪ್ರಶ್ನೆ ಬಂದದ್ದು ಇಲ್ಲಿಂದ.

ಸಿಮೆಂಟು ಶೇ 7 ಎಂದರೆ ಇಟ್ಟಿಗೆಗೆ ಅರ್ಧ ಕಿಲೋಗಿಂತ ತುಸು ಹೆಚ್ಚು. 50 ಕಿಲೋ ಮೂಟೆಗೆ ಸುಮಾರು 95 ಇಟ್ಟಿಗೆ. ನೀರು ಬಿದ್ದ ಮೇಲೆ ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸುವಷ್ಟನ್ನೇ ಕಲಸಬೇಕು. ಊಟಕ್ಕೆ ಮುಂಚೆ ಕಲಸಿ ಊಟ ಮಾಡಿ ಬಂದು ಒತ್ತಿದರೆ ಸಿಮೆಂಟು ಅಷ್ಟರಲ್ಲೇ ಅರ್ಧ ಕೆಲಸ ಮುಗಿಸಿಕೊಂಡಿರುತ್ತದೆ. ಆಮೇಲೆ ನೆರಳಿನಲ್ಲಿ ಜೋಡಿಸಿ, ಹುಲ್ಲೋ ಗೋಣಿಯೋ ಹೊದಿಸಿ, ಕನಿಷ್ಠ 21 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಹಳ್ಳಿಗಳಲ್ಲಿ ಮಣ್ಣಿನ ಇಟ್ಟಿಗೆ ಹೆಸರು ಕೆಡಿಸಿಕೊಂಡದ್ದು ಈ 21 ದಿನದಲ್ಲೇ. ಸುಟ್ಟ ಇಟ್ಟಿಗೆಗೆ ಒಗ್ಗಿದವರು ಇದನ್ನೂ ಬಿಸಿಲಿಗೆ ಇಟ್ಟು ಒಣಗಿಸುತ್ತಾರೆ.

ಇನ್ನು ಒಲೆ ಮೇಷ್ಟ್ರು. ಕುಳ್ಳಗೆ, ಮೂಗಿನ ತುದಿಯಲ್ಲಿ ಕನ್ನಡಕ, ಅಂಗಿಗೆ ಸದಾ ಹೊಗೆಯ ವಾಸನೆ. ವರ್ಕ್‌ಶಾಪಿನ ಹಿಂದೆ ಅಸ್ತ್ರ ಒಲೆಯ ಮಾದರಿಯಲ್ಲಿ ಮೂರು ಪಾತ್ರೆಯ, ಚಿಮಣಿಯಿರುವ ಮಣ್ಣಿನ ಒಲೆ ಕಟ್ಟಿದ್ದರು. ಸೌದೆ ಕೂರಲು ಕಬ್ಬಿಣದ ಜಾಲರಿ, ಕೆಳಗಿನಿಂದ ಗಾಳಿ ಬರುವ ದಾರಿ, ಬಾಯಿಗೆ ಮುಚ್ಚಳ, ಪಾತ್ರೆಗಳು ಸಂದಿಲ್ಲದಂತೆ ಕೂರುವ ಅಚ್ಚುಕಟ್ಟಾದ ಗುಣಿಗಳು. ಎರಡನೇ ಪಾತ್ರೆಯ ಕೆಳಗಿನ ಬಿಸಿಗಾಳಿಯ ದಾರಿಯ ಮೇಲೆ ಒಂದಿಡೀ ಪೀರಿಯಡ್ ಮಾತಾಡುತ್ತಿದ್ದರು. ದಾರಿ ಅಗಲವಾದರೆ ಬಿಸಿ ಪಾತ್ರೆಯನ್ನು ಮುಟ್ಟದೆ ಚಿಮಣಿಗೆ ಓಡುತ್ತದೆ, ಕಿರಿದಾದರೆ ಹೊಗೆ ವಾಪಸು ಬಾಯಿಂದ ಬರುತ್ತದೆ. ಮಸಿ ಕಟ್ಟಿದಂತೆಲ್ಲ ದಾರಿ ತಾನೇ ಕಿರಿದಾಗುವುದರಿಂದ ಮಸಿ ತೆಗೆಯಲು ಕೈ ಹೋಗುವಂತಿರಬೇಕು. ಹಾಗಿರದ ಒಲೆ ಮೊದಲ ತಿಂಗಳು ಚೆನ್ನಾಗಿ ಉರಿದು ಆಮೇಲೆ ಮನೆಯವರ ಕಣ್ಣುರಿಸುತ್ತದೆ.

ಒಲೆಯ ದಕ್ಷತೆ, ಅಂದರೆ ಸೌದೆಯ ಶಾಖದಲ್ಲಿ ನೀರಿಗೆ ಸೇರಿದ ಪಾಲು, ಅಳೆಯುವುದು ನೀರು ಕುದಿಸಿ. 5 ಲೀಟರ್ ನೀರನ್ನು 27 ಡಿಗ್ರಿಯಿಂದ ಕುದಿತಕ್ಕೆ ತರಬೇಕು. ಸಮುದ್ರಮಟ್ಟದಿಂದ ಬೆಂಗಳೂರಿನಷ್ಟು ಎತ್ತರದಲ್ಲಿ ಕುದಿತ 97 ಡಿಗ್ರಿ, 100 ಎಂದು ಬರೆದವರಿಗೆ ಅರ್ಧ ಅಂಕ ಖೋತಾ. ಅದಕ್ಕೆ ಬೇಕಾದ ಶಾಖ ಸುಮಾರು 1,460 ಕಿಲೋಜೂಲ್. ಕುದಿಯುವಾಗ 600 ಗ್ರಾಂ ನೀರು ಆವಿಯಾದರೆ ಇನ್ನೊಂದು 1,356. ಗಾಳಿಯಲ್ಲಿ ಒಣಗಿದ ಸೌದೆ ಕಿಲೋಗೆ 15,500 ಕಿಲೋಜೂಲ್ ಕೊಡುತ್ತದೆಂದು ಇಟ್ಟುಕೊಂಡು, ಒಂದು ಕಿಲೋ ಉರಿದಿದ್ದರೆ ದಕ್ಷತೆ ಶೇ 18. ‘ಇದರಲ್ಲಿ ಅರ್ಧದ ಹತ್ತಿರ ಆವಿ. ಆವಿಯನ್ನ ಯಾರು ಉಣ್ತಾರಯ್ಯಾ?’ ಎನ್ನುತ್ತಿದ್ದರು. ಮುಚ್ಚಳ ತೆಗೆದಿಟ್ಟು ಜೋರಾಗಿ ಕುದಿಸಿದಷ್ಟೂ ದಕ್ಷತೆ ಏರುತ್ತದೆ, ಅಡಿಗೆಗೆ ಅದರಿಂದ ಮೂರು ಕಾಸಿನ ಲಾಭವಿಲ್ಲ. ಒಲೆ ತಣ್ಣಗಿತ್ತೋ ಬಿಸಿಯಿತ್ತೋ ಬರೆಯದ ಲೆಕ್ಕವನ್ನೂ ಅವರು ಒಪ್ಪುತ್ತಿರಲಿಲ್ಲ. ನೂರು ಕಿಲೋ ಮಣ್ಣಿನ ಒಲೆ 20 ಡಿಗ್ರಿ ಬಿಸಿಯಾಗುವಷ್ಟರಲ್ಲಿ ಆ 5 ಲೀಟರ್ ನೀರು ಕುದಿತಕ್ಕೆ ಬರಲು ಬೇಕಾಗುವಷ್ಟು ಶಾಖವನ್ನು ನುಂಗಿರುತ್ತದೆ.

ಕಿತಾಪತಿ ನಡೆದದ್ದು ಈ ಪರೀಕ್ಷೆಯಲ್ಲೇ. ಯಾವ ತಂಡದ ಒಲೆ ಹೆಚ್ಚು ದಕ್ಷ ಎಂಬ ಪೈಪೋಟಿ ಇತ್ತು. ನಮ್ಮ ಬ್ಯಾಚಿನ ಇಬ್ಬರು ಮಹಾಶಯರು ತಮ್ಮ ಪಾಲಿನ ಸೌದೆಯನ್ನು ಸಣ್ಣಗೆ ಸೀಳಿ, ಮಣ್ಣು ಮೇಷ್ಟ್ರ ಲ್ಯಾಬಿನ ಓವನ್ನಿನಲ್ಲಿ ಮಾದರಿ ಡಬ್ಬಿಗಳ ಹಿಂದೆ ಬಚ್ಚಿಟ್ಟು, 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿಬಿಟ್ಟರು. ಗಾಳಿಯಲ್ಲಿ ಒಣಗಿದ ಸೌದೆಯಲ್ಲೂ ಶೇ 15ರ ಸುಮಾರು ನೀರಿರುತ್ತದೆ. ಆ ನೀರನ್ನು ಓಡಿಸಲು ಖರ್ಚಾಗುವ ಶಾಖವೆಲ್ಲ ಅವರಿಗೆ ಉಳಿಯಿತು. ಕಿಲೋಗೆ 18,500ಕ್ಕೂ ಹೆಚ್ಚು ಕಿಲೋಜೂಲ್ ಇದ್ದ ಸೌದೆಯನ್ನು 15,500ರ ಲೆಕ್ಕದಲ್ಲಿ ತೋರಿಸಿದ್ದರಿಂದ ಶೇ 18 ಇರಬೇಕಾದದ್ದು 22 ಬಂತು. ಒಲೆ ಮೇಷ್ಟ್ರು ಭೇಷ್ ಎಂದರು. ಉಳಿದ ಸೌದೆಯ ಕಟ್ಟನ್ನು ತೂಗಿ, ತೂಕವನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು, ಕಟ್ಟನ್ನು ಕಿಟಕಿಯ ಹತ್ತಿರ ಬಿಟ್ಟು ಮನೆಗೆ ಹೋದರು. ಮಳೆಗಾಲ. ಬೆಳಿಗ್ಗೆ ಎಲ್ಲರೆದುರು ಮತ್ತೆ ತೂಗಿದರೆ ಕಟ್ಟಿನ ತೂಕ ಏರಿತ್ತು. ಪಕ್ಕದಲ್ಲಿದ್ದ ಬೇರೆ ತಂಡಗಳ ಸೌದೆ ಇದ್ದಷ್ಟೇ ಇತ್ತು. ಬಯ್ಯಲಿಲ್ಲ. ಇಡೀ ತರಗತಿಯ ಸೌದೆಯ ತೇವ ಅಳೆದು ಎಲ್ಲರ ಲೆಕ್ಕವನ್ನೂ ತಿದ್ದುವ ಕೆಲಸ ಆ ಇಬ್ಬರ ತಲೆಗೆ ಕಟ್ಟಿದರು. ಮಣ್ಣು ಮೇಷ್ಟ್ರು ಮಾತ್ರ ತಮ್ಮ ಓವನ್ನಿಗೆ ಅಂದೇ ಬೀಗ ಹಾಕಿಸಿದರು.

ಲ್ಯಾಬಿನ ಲೆಕ್ಕ ಅಡಿಗೆಮನೆಯಲ್ಲಿ ನಿಲ್ಲದಿರುವುದಕ್ಕೆ ಒಲೆ ಮೇಷ್ಟ್ರು ಕೊಡುತ್ತಿದ್ದ ಕಾರಣಗಳು ಬಹಳ ಸಾದಾ. ಮುದ್ದೆ ತೊಳಸುವಾಗ ಕೋಲಿನ ರಭಸಕ್ಕೆ ಪಾತ್ರೆ ಅಲುಗಿ ಗುಣಿಯ ಮಣ್ಣಿನ ಅಂಚು ಒಡೆಯುತ್ತದೆ, ಸಂದಿ ಬೀಳುತ್ತದೆ, ಹೊಗೆ ಮೇಲಕ್ಕೆ ಬರುತ್ತದೆ. ಹಬ್ಬಕ್ಕೆ ದೊಡ್ಡ ಪಾತ್ರೆ ಬೇಕಾದಾಗ ಗುಣಿ ಸಾಲುವುದಿಲ್ಲ. ಸೌದೆಯನ್ನು ಗೇಣುದ್ದಕ್ಕೆ ಕಡಿಯಲು ಹೆಂಗಸರಿಗೆ ಪುರುಸೊತ್ತಿಲ್ಲ, ಮಾರುದ್ದದ ಕೊಂಬೆ ತೂರಿಸಲು ಒಲೆಯ ಬಾಯಿಯನ್ನೇ ಅಗಲ ಮಾಡಿಕೊಳ್ಳುತ್ತಾರೆ. ಬಾಯಿ ಅಗಲವಾದ ಮೇಲೆ ಜಾಲರಿಯ ಕೆಳಗಿನಿಂದ ಬರಬೇಕಾದ ಗಾಳಿ ಮೇಲಿನಿಂದಲೇ ನುಗ್ಗಿ ಬೆಂಕಿಯನ್ನು ತಣಿಸುತ್ತದೆ. ಆದ್ದರಿಂದ ಮೂರು ಪರೀಕ್ಷೆ: ಲ್ಯಾಬಿನಲ್ಲಿ ನೀರು, ಲ್ಯಾಬಿನಲ್ಲೇ ಗೊತ್ತುಮಾಡಿದ ಒಂದು ಅಡಿಗೆ, ಕೊನೆಗೆ ಮನೆಯಲ್ಲಿ ಅವರ ಪಾಡಿಗೆ ಅವರು ಬೇಯಿಸುವಾಗ ದಿನಕ್ಕೆ ಎಷ್ಟು ಸೌದೆ ಖರ್ಚಾಯಿತು ಎಂಬುದು. ಮೂರನೆಯದಿಲ್ಲದ ವರದಿಯನ್ನು ಮೇಷ್ಟ್ರು ಸಹಿ ಹಾಕದೆ ಹಿಂದಿರುಗಿಸುತ್ತಿದ್ದರು.

ಇಬ್ಬರೂ ಮತ್ತೆ ಮತ್ತೆ ಎತ್ತುತ್ತಿದ್ದ ಉದಾಹರಣೆ ಪುರ, ಅದೂ ಕುಣಿಗಲ್ ತಾಲ್ಲೂಕಿನ ಊರೇ. ಸುಮಾರು 200 ಜನ, ಅದಕ್ಕಿಂತ ತುಸು ಹೆಚ್ಚು ದನ. ಸಗಣಿಯಿಂದ ಗ್ಯಾಸ್ ಮಾಡಿ ಇಡೀ ಊರಿನ ಅಡಿಗೆಗೆ ಕೊಡುವುದು ಅಸ್ತ್ರದವರ ಮೊದಲ ಯೋಚನೆ. ಅದು ನಡೆಯಲಿಲ್ಲ. ಒಲೆ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಹೀಗೆ ಬಿಡಿಸುತ್ತಿದ್ದರು: ದಿನಕ್ಕೆ ಒಂದೂಕಾಲು ಟನ್ ಸಗಣಿ ಬಂದರೂ, ಕಿಲೋಗೆ 35 ಲೀಟರಿನಂತೆ ಸಿಗುವ ಗ್ಯಾಸ್ 44 ಘನ ಮೀಟರ್. ಎರಡು ಹೊತ್ತಿನ ಅಡಿಗೆಗೆ ತಲೆಗೆ ಕಾಲು ಘನ ಮೀಟರ್ ಇಟ್ಟರೆ ಬೇಕಾದದ್ದು 50. ಕೊರತೆ ಸಣ್ಣದೇ. ಆದರೆ ಒಂದು ಹೊತ್ತು ಗ್ಯಾಸ್ ನಿಂತರೂ ಸೌದೆ ತರುವ ಕೆಲಸ ತಪ್ಪುವುದಿಲ್ಲ, ಸೌದೆ ತರುವುದೇ ಆದರೆ ಸಗಣಿ ಹೊತ್ತುಕೊಂಡು ಹೋಗಿ ಯಾಕೆ ಕೊಡಬೇಕು? ಸಗಣಿ ಕಡಿಮೆಯಾದರೆ ಗ್ಯಾಸ್ ಇನ್ನೂ ಕಡಿಮೆ.

ಊರಿನವರಿಗೆ ಎಲ್ಲಕ್ಕಿಂತ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಇಂಜಿನ್ನಿಗೆ ಕೊಟ್ಟು, 5 ಕಿಲೋವ್ಯಾಟ್ ಜನರೇಟರ್ ತಿರುಗಿಸಿ, ಬೋರ್‌ವೆಲ್ಲಿನ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೂ 20 ಯೂನಿಟ್, ಯೂನಿಟ್ಟಿಗೆ ಮುಕ್ಕಾಲು ಘನ ಮೀಟರ್ ಹಿಡಿದರೆ 15 ಘನ ಮೀಟರ್ ಗ್ಯಾಸ್. ಅಡಿಗೆಗೆ ಸಾಲದ ಗ್ಯಾಸ್ ಇಲ್ಲಿ ಮಿಗುತ್ತದೆ. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಕೊಡುತ್ತಿದ್ದರು. ಗೊಬ್ಬರ ವಾಪಸು ಕೊಡುವುದು ಕರಾರು, ಆದರೆ ಗ್ಯಾಸ್ ತೆಗೆದ ಮೇಲೆ ಉಳಿಯುವ ನೀರುನೀರಾದ ಸ್ಲರಿಯನ್ನು ತಲೆಯ ಮೇಲೆ ಹೊರುವುದು ಹೇಗೆ? ಅದನ್ನು ಮರಳಿನ ಹಾಸಿನ ಮೇಲೆ ಸುರಿದು ನೀರು ಬಸಿದರು. ಈ ಮರಳಿನ ಹಾಸನ್ನು ಮಣ್ಣು ಮೇಷ್ಟ್ರು ಇಡೀ ಯೋಜನೆಯ ಅತಿ ಮುಖ್ಯ ಭಾಗ ಎನ್ನುತ್ತಿದ್ದರು. ಒಲೆ ಮೇಷ್ಟ್ರು ಇಂಜಿನ್ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಈ ಜಗಳ ಕೇಳಲು ನಾವು ಬೇಕೆಂದೇ ರೆಕಾರ್ಡ್ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದೆವು. ನನ್ನ ಓಟು ಇವತ್ತಿಗೂ ಮರಳಿನ ಹಾಸಿಗೇ.

ಈಗ ಪರೀಕ್ಷಕನಾಗಿ ಕೂತಾಗ ನೋಡುವ ಪ್ರಾಜೆಕ್ಟುಗಳ ಬಗ್ಗೆ ಸ್ವಲ್ಪ ಗೊಣಗುತ್ತೇನೆ, ವಯಸ್ಸಾದವನಿಗೆ ಅಷ್ಟು ಹಕ್ಕಿದೆ. ಸ್ಲೈಡುಗಳು ಚೆಂದ. ಒಲೆಯ ದಕ್ಷತೆ ದಶಾಂಶದ ಆಚೆ ಮೂರು ಅಂಕಿಯವರೆಗೆ ಇರುತ್ತದೆ, ಸೌದೆಯ ತೇವ ಎಷ್ಟಿತ್ತು ಎಂದರೆ ಉತ್ತರವಿಲ್ಲ. ಇಟ್ಟಿಗೆಯ ಶಕ್ತಿಯನ್ನು ಒಣ ಇಟ್ಟಿಗೆಯಲ್ಲಿ ಅಳೆದಿರುತ್ತಾರೆ, ನೆನೆದರೆ ಅದರ ಅರ್ಧಕ್ಕೆ ಇಳಿಯಬಹುದು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಮಕ್ಕಳ ತಪ್ಪೇನಿಲ್ಲ. ಎಂಟು ವಾರದಲ್ಲಿ ಪ್ರಾಜೆಕ್ಟು ಮುಗಿಸಿ ಅಂದರೆ 21 ದಿನ ನೀರುಣಿಸಲು ಯಾರಿಗೆ ಸಾಧ್ಯ?

ಹಿಂದಿನ ಸೈಕಲ್ ಸ್ಟ್ಯಾಂಡಿನ ಗೋಡೆ ಮಣ್ಣು ಮೇಷ್ಟ್ರು ವಿದ್ಯಾರ್ಥಿಗಳ ಕೈಯಲ್ಲಿ ಕಟ್ಟಿಸಿದ್ದು. ಗಾರೆ ಒಂದು ಪಾಲು ಸಿಮೆಂಟು, ಎರಡು ಮಣ್ಣು, ಆರು ಮರಳು. ಮಳೆಹನಿ ಸಿಡಿಯುವ ಕೆಳಗಿನ ಮೂರು ವರಸೆಗೆ, ಅಂದರೆ ಇಟ್ಟಿಗೆ ಸಾಲಿಗೆ, ಮಾತ್ರ ಗಿಲಾವು ಸಾಕು ಎಂದಿದ್ದರು. ಈಚೆಗೆ ಪೂರ್ತಿ ಗಿಲಾವು ಮಾಡಿ ಬಣ್ಣ ಬಳಿದಿರುವುದರಿಂದ ಅದು ಮಣ್ಣಿನ ಗೋಡೆ ಎಂದು ಈಗಿನವರಿಗೆ ಗೊತ್ತಿಲ್ಲ. ಪ್ರಾಂಶುಪಾಲರು ಒಪ್ಪಿದರೆ ಸಿವಿಲ್ ವಿಭಾಗದವರು ಮೇಲಿನ ವರಸೆಯಿಂದ ಒಂದು ಇಟ್ಟಿಗೆ ಬಿಡಿಸಿಕೊಳ್ಳಲಿ. 48 ಗಂಟೆ ನೀರಿನಲ್ಲಿ ನೆನೆಸಿ, ಒದ್ದೆಯಿರುವಾಗಲೇ ಭಾರ ಹೇರಿ ಒಡೆದು ನೋಡುವ ಯಂತ್ರಕ್ಕೆ ಕೊಡಲಿ. ಚದರ ಮಿಲಿಮೀಟರಿಗೆ 3 ನ್ಯೂಟನ್ ಎಂದು ಮೇಷ್ಟ್ರ ರಿಜಿಸ್ಟರಿನಲ್ಲಿತ್ತು, ಅಂದರೆ ಸುಮಾರು 13 ಟನ್ ಭಾರಕ್ಕೆ ಮುಂಚೆ ಒಡೆಯಬಾರದು. ಒಡೆದರೆ ಆ ವರಸೆಯನ್ನು ತೂಗದೆ ಒತ್ತಿದ ಬ್ಯಾಚು ಯಾವುದೆಂದು ಹೇಳಬಲ್ಲೆ. ನಮ್ಮದಲ್ಲ.