ಮಳೆ ನೀರಿಗೆ ಬಿಲ್ ಬೇಡ, ಚರಂಡಿಗೆ ಇರಲಿ

ನಮ್ಮ ತಾರಸಿ ಮೇಲೆ ಬಿದ್ದ ಮಳೆಯನ್ನು ನಾವೇ ಹಿಡಿದು ಇಟ್ಟುಕೊಂಡರೆ ಅದಕ್ಕೂ ಶುಲ್ಕ ಕಟ್ಟಬೇಕಾ? ಈ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೋಡಕ್ಕೆ ಯಾರೂ ಬಂಡವಾಳ ಹಾಕಿಲ್ಲ, ತಾರಸಿವರೆಗೆ ಯಾರೂ ಪೈಪ್ ಎಳೆದಿಲ್ಲ. ಆದರೂ ವರ್ಷಗಳಿಂದ ಮಳೆಕೊಯ್ಲು ಮಾಡುತ್ತಿರುವವಳಾಗಿ ಒಂದು ಮಾತು ಹೇಳಲೇಬೇಕು. ಮಳೆ ಪುಕ್ಕಟೆ, ಹಿಡಿದಿಟ್ಟ ಮಳೆ ಪುಕ್ಕಟೆ ಅಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿ, 20 ಮಿ.ಮೀ. ಮಳೆ ಅಂದರೆ 2,000 ಲೀಟರ್. ಅಷ್ಟೂ ಟ್ಯಾಂಕಿಗೆ ಬರುವುದಿಲ್ಲ. ಸ್ವಲ್ಪ ತಾರಸಿಯೇ ಹೀರಿಕೊಳ್ಳುತ್ತದೆ, ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪವನ್ನು ನಾವೇ ಹೊರಗೆ ಬಿಡಬೇಕು. ಐದರಲ್ಲಿ ನಾಲ್ಕು ಪಾಲು ಸಿಕ್ಕರೆ ಒಳ್ಳೆಯದೇ.

ಆ ಹೊರಗೆ ಬಿಡುವ ನೀರನ್ನು ಒಮ್ಮೆ ನೋಡಬೇಕು. ಬೇಸಿಗೆ ಮುಗಿದು ಮೊದಲ ಮಳೆ ಬಂದಾಗ ತಾರಸಿಯ ಧೂಳು, ಹಕ್ಕಿ ಹಿಕ್ಕೆ, ಒಣಗಿದ ಎಲೆಗಳ ಪುಡಿ ಎಲ್ಲ ಒಟ್ಟಿಗೆ ಇಳಿಯುತ್ತದೆ. ನಮ್ಮ ಪೈಪಿನಲ್ಲಿ ಟ್ಯಾಂಕಿಗಿಂತ ಮೊದಲು ಕೆಳಗೆ ಮುಚ್ಚಿದ ಒಂದು ಉದ್ದ ತುಂಡು ಇದೆ. ಕೊಳಕು ನೀರು ಮೊದಲು ಅದರಲ್ಲಿ ತುಂಬಿಕೊಳ್ಳುತ್ತದೆ, ಅದು ತುಂಬಿದ ಮೇಲೆ ಬರುವ ತಿಳಿ ನೀರು ಟ್ಯಾಂಕಿಗೆ ತಿರುಗುತ್ತದೆ. ಮಳೆ ನಿಂತ ಮೇಲೆ ಕೆಳಗಿನ ಮುಚ್ಚಳ ಬಿಚ್ಚಿದರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬುಳುಬುಳು ಅಂತ ಬರುತ್ತದೆ, ಕೊನೆಗೆ ಒಂದು ಹಿಡಿ ಕೆಸರು. ಬಿಚ್ಚುವುದು ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ನೇರ ಟ್ಯಾಂಕಿಗೇ. ಫಿಲ್ಟರಿನ ಮರಳು ತೊಳೆಯಬೇಕು. ಸೊಳ್ಳೆ ಹೋಗದ ಹಾಗೆ ಜಾಲರಿ ಬಿಗಿಯಾಗಿರಬೇಕು. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಹಾಗಾಗಿ ಟ್ಯಾಂಕ್ ಕತ್ತಲಲ್ಲೇ ಇರಬೇಕು. ಈ ಎಲ್ಲದರಲ್ಲಿ ಜಾಸ್ತಿ ಖರ್ಚು ಟ್ಯಾಂಕಿನದ್ದೇ. ಪೈಪ್, ಫಿಲ್ಟರ್ ಆಮೇಲೆ.

ಅಂದರೆ ನಾವು ಆಗಲೇ ದುಡ್ಡು ಕೊಟ್ಟಿದ್ದೇವೆ. ಅದರ ಮೇಲೆ ಇನ್ನೊಂದು ಶುಲ್ಕ ಯಾಕೆ?

ಇದಕ್ಕೆ ಇನ್ನೊಂದು ಕಡೆಯವರ ಉತ್ತರವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಊರಿಗೆ ನೀರು ಕೊಡುವ ವ್ಯವಸ್ಥೆಯ ಖರ್ಚಿನಲ್ಲಿ ದೊಡ್ಡ ಪಾಲು ನೀರಿನದ್ದಲ್ಲ. ನೆಲದಡಿಯ ಪೈಪು, ಪಂಪು, ಶುದ್ಧೀಕರಣ ಘಟಕ, ಅವನ್ನು ನೋಡಿಕೊಳ್ಳುವ ಜನ, ಇವುಗಳದ್ದು. ನಾನು ನಲ್ಲಿ ನೀರು ಅರ್ಧಕ್ಕೆ ಇಳಿಸಿದರೂ ಆ ಖರ್ಚು ಅರ್ಧವಾಗುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕ್ ಬರಿದಾದಾಗ ನಾನೂ ಅದೇ ನಲ್ಲಿ ತಿರುಗಿಸುತ್ತೇನೆ. ಸ್ವಂತ ತಾರಸಿ ಇರುವವರೆಲ್ಲ ಹೀಗೆ ಬಿಲ್ ಇಳಿಸಿಕೊಂಡರೆ ಉಳಿದ ಹೊರೆ ಯಾರ ಮೇಲೆ ಬೀಳುತ್ತದೆ? ಬಾಡಿಗೆಗೆ ಇರುವವರು, ಒಂದೇ ಕೋಣೆಯಲ್ಲಿ ಬದುಕುವವರು, ತಾರಸಿಯೇ ಇಲ್ಲದವರ ಮೇಲೆ. ಇದು ನನ್ನನ್ನು ನಿಜಕ್ಕೂ ಕಾಡುವ ಮಾತು. ಆದರೆ ಇದಕ್ಕೆ ಪರಿಹಾರ ಮಳೆಯನ್ನು ಅಳೆಯುವುದಲ್ಲ. ಸಂಪರ್ಕ ಇಟ್ಟುಕೊಂಡಿರುವುದಕ್ಕೇ ಒಂದು ನಿಗದಿತ ಮೊತ್ತ ಇರಲಿ, ದೊಡ್ಡ ಮನೆಗೆ ಜಾಸ್ತಿ, ಸಣ್ಣ ಮನೆಗೆ ಕಡಿಮೆ. ಬಳಸಿದ ನೀರಿನ ಲೆಕ್ಕ ಬೇರೆ ಇರಲಿ.

ಚರಂಡಿಯ ವಿಷಯ ಇನ್ನೂ ಸ್ಪಷ್ಟ. ಹಿಡಿದ ಮಳೆ ನೀರನ್ನು ಗಿಡಕ್ಕೆ ಹಾಕಿದರೆ ಅದು ಮಣ್ಣಿಗೆ ಹೋಯಿತು. ಟಾಯ್ಲೆಟ್ಟಿಗೆ, ವಾಷಿಂಗ್ ಮೆಷಿನ್ನಿಗೆ ಬಿಟ್ಟರೆ ಒಳಚರಂಡಿಗೆ ಹೋಯಿತು. ಅದನ್ನು ಯಾರೋ ಶುದ್ಧ ಮಾಡಲೇಬೇಕು ಅಲ್ವಾ? ನಲ್ಲಿ ಮೀಟರಿಗೆ ಮಾತ್ರ ಒಳಚರಂಡಿ ಶುಲ್ಕ ಅಂಟಿಸಿದ್ದರೆ ಈ ನೀರು ಲೆಕ್ಕಕ್ಕೇ ಸಿಗುವುದಿಲ್ಲ. ಜರ್ಮನಿಯ ಎಷ್ಟೋ ಊರುಗಳಲ್ಲಿ ಮನೆಯೊಳಗೆ ಬಳಸಿ ಚರಂಡಿಗೆ ಬಿಡುವ ಮಳೆ ನೀರಿಗೆ ಒಳಚರಂಡಿ ಶುಲ್ಕ ಇದೆ. ಅದೇ ದೇಶದಲ್ಲಿ ಇನ್ನೊಂದು ಪದ್ಧತಿಯೂ ಇದೆ, ಅದು ನನಗೆ ಬಹಳ ಇಷ್ಟ. ಕೊಳಕು ನೀರಿನ ಶುಲ್ಕ ಬೇರೆ, ಮಳೆ ನೀರು ಹರಿದುಹೋಗುವುದಕ್ಕೆ ಶುಲ್ಕ ಬೇರೆ. ಎರಡನೆಯದನ್ನು ಚಾವಣಿ, ಕಾಂಕ್ರೀಟ್ ಅಂಗಳ ಎಷ್ಟು ಚದರ ಮೀಟರ್ ಇದೆ ಅಂತ ನೋಡಿ ಹಾಕುತ್ತಾರೆ. ನೀರು ಇಂಗಿಸಿದರೆ ಅಥವಾ ಟ್ಯಾಂಕಿನಲ್ಲಿ ಹಿಡಿದರೆ ಅನೇಕ ಕಡೆ ರಿಯಾಯಿತಿ ಸಿಗುತ್ತದೆ. ಅಂದರೆ ದುಡ್ಡು ಕಟ್ಟುವವನು ಮಳೆ ಹಿಡಿದವನಲ್ಲ, ಬೀದಿಗೆ ಬಿಟ್ಟವನು. ಇದೇ ಸರಿ ಅಂತ ನನ್ನ ಅಭಿಪ್ರಾಯ.

ರಿಯಾಯಿತಿ ಕೊಡುವಾಗ ಒಂದು ವಿಷಯ ಗಮನದಲ್ಲಿರಬೇಕು. ತುಂಬಿದ ಟ್ಯಾಂಕು ಪ್ರವಾಹ ತಡೆಯುವುದಿಲ್ಲ. ಜೋರು ಮಳೆ ಬಂದಾಗ ಟ್ಯಾಂಕಿನಲ್ಲಿ ಖಾಲಿ ಜಾಗ ಇದ್ದರೆ ಮಾತ್ರ ಬೀದಿಯ ಚರಂಡಿಗೆ ಉಸಿರು. ನಾವು ಮಳೆಗಾಲದಲ್ಲಿ ಫ್ಲಶ್‌ಗೆ, ಬಟ್ಟೆಗೆ ಧಾರಾಳವಾಗಿ ಅದೇ ನೀರು ಬಳಸುವುದು ಇದಕ್ಕೇ. ಟ್ಯಾಂಕಿನಿಂದ ಉಕ್ಕಿದ್ದು ಇಂಗುಗುಂಡಿಗೆ ಹೋಗುತ್ತದೆ.

ಮಳೆಯನ್ನೇ ಯಾರದೋ ಆಸ್ತಿ ಮಾಡಲು ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಬೊಲಿವಿಯಾದ ಕೊಚಬಾಂಬಾ ನಗರದ ನೀರು ಸರಬರಾಜನ್ನು ಖಾಸಗಿಯವರಿಗೆ ಕೊಟ್ಟಾಗ ಬಿಲ್ ಏರಿತು. ಮಳೆ ನೀರು ಹಿಡಿಯಲೂ ಅನುಮತಿ ಕೇಳಬೇಕಾಗುತ್ತದೆ ಅನ್ನುವ ಭಯ ಜನರಲ್ಲಿ ಹಬ್ಬಿತು. ಊರೇ ಬೀದಿಗಿಳಿಯಿತು. 2000ದ ಏಪ್ರಿಲ್‌ನಲ್ಲಿ ಒಪ್ಪಂದ ಬಿದ್ದುಹೋಯಿತು. ಅಮೆರಿಕದ ಕೊಲರಾಡೊದಲ್ಲಿ ನದಿ ನೀರಿನ ಮೇಲೆ ಹಳೆಯ ಹಕ್ಕು ಇರುವವರಿಗೆ ಕಡಿಮೆಯಾಗುತ್ತದೆ ಅಂತ ಹೆಚ್ಚಿನ ಮನೆಯವರು ಪೀಪಾಯಿ ಇಡುವ ಹಾಗೇ ಇರಲಿಲ್ಲ. 2016ರಲ್ಲಿ ಎರಡು ಪೀಪಾಯಿಗೆ ಒಪ್ಪಿಗೆ ಸಿಕ್ಕಿತು, ಒಟ್ಟು 110 ಗ್ಯಾಲನ್, ಅಂದರೆ ಸುಮಾರು 416 ಲೀಟರ್. ನಮ್ಮಂಥ ಮನೆಗೆ ಅದು ಒಂದು ದಿನದ ನೀರು.

ಹಾಗಾದರೆ ಟ್ಯಾಂಕಿನ ಖರ್ಚು ಯಾರದ್ದು? ಸಿಹಿನೀರಿನ ನದಿ, ಕೆರೆ ಇಲ್ಲದ ಬರ್ಮುಡಾ ದ್ವೀಪದಲ್ಲಿ ಪ್ರತಿ ಮನೆಗೂ ನೀರಿನ ತೊಟ್ಟಿ ಇರಲೇಬೇಕು ಅನ್ನುವುದು ಕಾನೂನು. ಬಿಳಿ ಚಾವಣಿಯ ಮೇಲೆ ಬಿದ್ದ ಮಳೆ ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಅದು ಗೋಡೆ, ಬಾಗಿಲಿನ ಹಾಗೆ ಮನೆ ಕಟ್ಟುವ ಖರ್ಚಿನಲ್ಲೇ ಸೇರಿದೆ. ಹೊಸ ಮನೆಗೆ ಎಲ್ಲೇ ಆದರೂ ಇದು ಸರಿ. ಹಳೆಯ ಮನೆಗೆ ಆಮೇಲೆ ಟ್ಯಾಂಕ್ ಕೂರಿಸುವುದು ಬೇರೆ ಮಾತು. ನಲ್ಲಿ ನೀರು ಅಗ್ಗವಾಗಿರುವ ಕಡೆ ಆ ದುಡ್ಡು ಬಿಲ್ಲಿನ ಉಳಿತಾಯದಿಂದ ಬೇಗ ವಾಪಸ್ ಬರುವುದಿಲ್ಲ. ಲಾಭದ ಒಂದು ಪಾಲು ಬೀದಿಗೆ, ಅಂತರ್ಜಲಕ್ಕೆ ಹೋಗುತ್ತದೆ ಅಂದ ಮೇಲೆ ಖರ್ಚಿನ ಒಂದು ಪಾಲೂ ಎಲ್ಲರ ಹಣದಿಂದ ಬರಬೇಕು. ಅದರಲ್ಲೂ ಮೊದಲು ಬರಬೇಕಾದದ್ದು ಬಾಡಿಗೆ ಮನೆಗಳಿಗೆ. ಅಲ್ಲಿ ಟ್ಯಾಂಕ್ ಹಾಕಿಸಬೇಕಾದವನು ಮಾಲೀಕ, ಬಿಲ್ ಕಟ್ಟುವವನು ಬಾಡಿಗೆದಾರ. ಇಬ್ಬರಿಗೂ ಕೈಹಾಕಲು ಕಾರಣವೇ ಇಲ್ಲ.

ನಮ್ಮ ಮನೆಯಲ್ಲಿ ಟ್ಯಾಂಕಿನಿಂದ ಟಾಯ್ಲೆಟ್ಟಿಗೆ ಹೋಗುವ ಪೈಪಿಗೆ ಮೀಟರ್ ಹಾಕಿಸಿ ಅಂದರೆ ಹಾಕಿಸುತ್ತೇನೆ, ಬಂದ ಬಿಲ್ ಕಟ್ಟುತ್ತೇನೆ. ತಾರಸಿಯಿಂದ ಟ್ಯಾಂಕಿಗೆ ಇಳಿಯುವ ಪೈಪಿಗೆ ಹಾಕಲು ಬಂದರೆ ಒಪ್ಪುವುದಿಲ್ಲ.