ಕುದುರೆ ಸವಾರರ ಕವಚ ನೋಡೋಕೆ ಗ್ರಾಟ್ಸ್‌ಗೆ ಹೋಗಿ

ಯುರೋಪಿನ ಹಳೇ ಕಾಲದ ಕುದುರೆ ಸವಾರರ ಕವಚ ನೋಡಬೇಕು ಅಂತಿದ್ದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲೇ ಪ್ರವಾಸ ಮುಗಿಸಬೇಡಿ. ಅಲ್ಲಿನ ನೋಯೆ ಬುರ್ಗ್ ಅರಮನೆಯಲ್ಲಿ ಇರುವುದು ಹೆಚ್ಚಾಗಿ ರಾಜರ, ಸರದಾರರ ಕವಚ. ಕೆತ್ತನೆ, ಚಿನ್ನದ ಲೇಪ ಎಲ್ಲ ಚೆಂದವೇ. ಆದರೆ ಸಾಮಾನ್ಯ ಸವಾರ ತೊಟ್ಟು ಹೋಗುತ್ತಿದ್ದ ಕವಚ ಸಾಲುಸಾಲಾಗಿ ಕಾಣಸಿಗುವುದು ಅದೇ ದೇಶದ ಗ್ರಾಟ್ಸ್‌ ಊರಿನಲ್ಲಿ. ವಿಯೆನ್ನಾದಿಂದ ರೈಲಿಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ದಾರಿಯಲ್ಲಿ ಸೆಮ್ಮರಿಂಗ್ ಘಟ್ಟ ಸಿಗುತ್ತದೆ, ಕಿಟಕಿ ಪಕ್ಕದ ಸೀಟು ಹಿಡಿಯಿರಿ.

ಊರಿನ ಮುಖ್ಯ ಚೌಕ ಹೌಪ್ಟ್‌ಪ್ಲಾಟ್ಸ್‌ನಲ್ಲಿ ಟ್ರಾಮ್ ಇಳಿದು ಹೆರೆನ್‌ಗಾಸೆ ಬೀದಿಗೆ ಬಂದರೆ ಲ್ಯಾಂಡೆಸ್‌ಝೋಯ್ಗ್‌ಹೌಸ್ ಸಿಗುತ್ತದೆ. ಒಟ್ಟೊಮನ್ ತುರ್ಕರ ದಾಳಿಯ ಭಯವಿದ್ದ ಕಾಲದಲ್ಲಿ, 1640ರ ದಶಕದಲ್ಲಿ ಕಟ್ಟಿದ ಆಯುಧಗಳ ಉಗ್ರಾಣ ಇದು. 1749ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಮುಚ್ಚಿಸಲು ಹೊರಟಾಗ, ಗ್ರಾಟ್ಸ್ ಇರುವ ಸ್ಟೈರಿಯಾ ಪ್ರಾಂತ್ಯದವರು ಕೇಳಿಕೊಂಡು ಉಳಿಸಿಕೊಂಡರು. ಹಾಗಾಗಿಯೇ ಇವತ್ತು ಸುಮಾರು 32,000 ವಸ್ತುಗಳು ಅಲ್ಲಿವೆ.

ಕೆಳಗಿನ ಬಂದೂಕುಗಳ ಮುಂದೆ ತುಂಬಾ ಹೊತ್ತು ನಿಲ್ಲಬೇಡಿ, ಮೇಲಿನ ಮಹಡಿಗಳಿಗೆ ಸಮಯ ಉಳಿಸಿಕೊಳ್ಳಿ. ಕ್ಯುರಾಸಿಯರ್ ಎಂಬ ಭಾರೀ ಸವಾರರ ಕವಚದ ಹತ್ತಿರ ನಿಂತು ನೋಡಿ. ತಲೆಯಿಂದ ಮಂಡಿವರೆಗೆ ಮಾತ್ರ ಉಕ್ಕು, ಅದರ ಕೆಳಗೆ ದಪ್ಪ ಚರ್ಮದ ಬೂಟು. ತೊಡೆಯ ಮೇಲೆ ಒಂದರ ಮೇಲೊಂದು ಜಾರುವ ಪಟ್ಟಿಗಳು, ಜೀನಿನ ಮೇಲೆ ಕೂತಾಗ ಮಡಚಿಕೊಳ್ಳಲಿ ಅಂತ. ಆ ಹೊತ್ತಿಗೆ ಈ ಸವಾರರ ಕೈಗೆ ಈಟಿಯ ಬದಲು ಪಿಸ್ತೂಲು ಬಂದಿತ್ತು. ಗುಂಡು ತಡೆಯಬೇಕು ಅಂತ ಎದೆಯ ತಗಡು ದಪ್ಪವಾಯಿತು, ತೂಕವೂ ಏರಿತು. ಮೈಮೇಲೆ 25 ಕೆಜಿಗೂ ಜಾಸ್ತಿ ಹೊರೆ! ಎದೆಕವಚದಲ್ಲಿ ದುಂಡನೆಯ ತಗ್ಗು ಕಂಡರೆ ಅದು ಯುದ್ಧದ ಗಾಯವೇ ಆಗಿರಬೇಕಿಲ್ಲ. ಕಮ್ಮಾರರೇ ಗುಂಡು ಹೊಡೆದು ಪರೀಕ್ಷಿಸಿ, ಆ ಗುರುತನ್ನು ಖಾತರಿ ಅಂತ ಹಾಗೇ ಬಿಡುತ್ತಿದ್ದರು. ನನಗೆ ಇಡೀ ಕಟ್ಟಡದಲ್ಲಿ ತುಂಬಾ ಹಿಡಿಸಿದ್ದು ಇದೇ.

ಇನ್ಸ್‌ಬ್ರುಕ್‌ನಲ್ಲಿ 1505ರ ಆಸುಪಾಸು ಮಾಡಿದ ಕುದುರೆಯ ಕವಚವೂ ಈ ಉಗ್ರಾಣದಲ್ಲೇ ಇದೆ. ಅದನ್ನೂ ತಪ್ಪಿಸಬೇಡಿ.

ಸೋಮವಾರ ಸಾಮಾನ್ಯವಾಗಿ ರಜೆ. ಚಳಿಗಾಲದಲ್ಲಿ ಗೈಡ್ ಜೊತೆಗಷ್ಟೇ ಒಳಗೆ ಬಿಡುತ್ತಾರೆ, ಸಮಯ ಮೊದಲೇ ನೋಡಿಕೊಳ್ಳಿ. ಸ್ವೆಟರ್ ಇರಲಿ. ಸಸ್ಯಾಹಾರಿಗಳು ಊಟಕ್ಕೆ ಕುಂಬಳಬೀಜದ ಎಣ್ಣೆ ಹಾಕಿದ ಕಾಳಿನ ಸಲಾಡ್ ಕೇಳಿ, ಅಲ್ಲಿನ ಖಾಸಾ ತಿನಿಸು ಅದು.